ಕಾರು ಇಳಿಸಿದ ಮೇಲೆ ಮಡ್‌ಗಾರ್ಡ್ ಹೇಳಿದ ಕತೆ

ಕೊನೆಗೂ ನನ್ನ ಹಳೇ ಹ್ಯಾಚ್‌ಬ್ಯಾಕ್ 30 ಮಿ.ಮೀ. ಕೆಳಗೆ ಕೂತಿದೆ. ಎಂಟು ತಿಂಗಳ ಭಾನುವಾರಗಳೆಲ್ಲ ಇದಕ್ಕೇ ಹೋದವು. ನೋಡಿದವರೆಲ್ಲ ಕೇಳುವುದು ಒಂದೇ ಮಾತು, ಸ್ಪ್ರಿಂಗ್‌ನ ಒಂದು ಸುತ್ತು ಕತ್ತರಿಸಿದ್ದರೆ ಸುಲಭವಾಗಿ ಮುಗೀತಿತ್ತಲ್ವಾ ಅಂತ.

ಮುಗೀತಿರಲಿಲ್ಲ. ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಗಡುಸಾಗುತ್ತದೆ. ಕೆಲಸ ಮಾಡುವ ಆರು ಸುತ್ತುಗಳಲ್ಲಿ ಒಂದನ್ನು ತೆಗೆದರೆ ಶೇ 20ರಷ್ಟು ಗಡುಸು. ಆದರೆ ಶಾಕ್ ಅಬ್ಸಾರ್ಬರ್ ಹಳೆಯದೇ, ಅದಕ್ಕೆ ಆ ಸ್ಪ್ರಿಂಗನ್ನು ಹಿಡಿದಿಡಲು ಆಗುವುದಿಲ್ಲ, ಗಾಡಿ ಕುಣಿಯುತ್ತದೆ. ಕತ್ತರಿಸಿದ ತುದಿ, ಸ್ಪ್ರಿಂಗ್ ಕೂರುವ ಬಟ್ಟಲಿನಲ್ಲಿ ಸರಿಯಾಗಿ ಕೂರುವುದೂ ಇಲ್ಲ. ಅದಕ್ಕೇ ಗಿಡ್ಡ ಸ್ಪ್ರಿಂಗ್, ಅದಕ್ಕೆ ಹೊಂದುವ ಶಾಕ್, ಎರಡನ್ನೂ ಜೊತೆಗೇ ಹಾಕಿದೆ.

ಇನ್ನೂ ಇಳಿಸಬಹುದಿತ್ತು, ಬೇಡ ಅನ್ನಿಸಿತು. ಮುಂದಿನ ಚಕ್ರಗಳಿಗೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಸ್ಪ್ರಿಂಗ್, ಶಾಕ್ ಎರಡೂ ಒಂದೇ ಕಂಬದಲ್ಲಿ. ಜಾಸ್ತಿ ಇಳಿಸಿದರೆ, ಚಕ್ರವನ್ನು ಗಾಡಿಗೆ ಜೋಡಿಸುವ ಕೆಳಗಿನ ಆರ್ಮ್ ಚಕ್ರದ ಕಡೆ ಮೇಲಕ್ಕೆ ವಾಲುತ್ತದೆ, ಆಗ ರೋಲ್ ಸೆಂಟರ್ (ತಿರುವಿನಲ್ಲಿ ಗಾಡಿಯ ಮೈ ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು) ಗಾಡಿಗಿಂತ ಜಾಸ್ತಿ ಕೆಳಗೆ ಹೋಗುತ್ತದೆ, ಗಾಡಿಯ ಭಾರಕ್ಕೂ ಅದಕ್ಕೂ ಅಂತರ ಹೆಚ್ಚುತ್ತದೆ, ಹಾಗಾಗಿ ನೋಡಲು ನೆಲಕ್ಕೆ ಅಂಟಿಕೊಂಡ ಹಾಗಿದ್ದರೂ ತಿರುವಿನಲ್ಲಿ ಅದರ ಮೈ ಮೊದಲಿಗಿಂತ ಜಾಸ್ತಿ ವಾಲಬಹುದು.

ಒಂದು ತಪ್ಪು ಮಾತ್ರ ಮಾಡಿದೆ. ಗಾಡಿ ಸ್ಟ್ಯಾಂಡ್ ಮೇಲೆ, ಚಕ್ರಗಳು ನೇತಾಡುತ್ತಿದ್ದಾಗಲೇ ಆರ್ಮ್ ಬೋಲ್ಟುಗಳನ್ನು ಪೂರ್ತಿ ಬಿಗಿದೆ. ಆರ್ಮ್‌ನ ಕೀಲಿನಲ್ಲಿರುವ ಬುಷ್‌ನ ರಬ್ಬರ್ ಒಳಗಿನ ಲೋಹದ ಕೊಳವೆಗೆ ಅಂಟಿಕೊಂಡಿರುತ್ತದೆ, ಬೋಲ್ಟು ಆ ಕೊಳವೆಯನ್ನು ಹಿಡಿದು ನಿಲ್ಲಿಸುತ್ತದೆ. ನೇತಾಡುವಾಗ ಬಿಗಿದರೆ, ಗಾಡಿ ನೆಲಕ್ಕೆ ಬಂದ ಮೇಲೆ ರಬ್ಬರ್ ಹಗಲೂ ರಾತ್ರಿ ತಿರುಚಿಕೊಂಡೇ ಇರುತ್ತದೆ. ಎರಡು ತಿಂಗಳಲ್ಲಿ ಉಬ್ಬು ಹತ್ತಿದಾಗಲೆಲ್ಲ ಕಿರ್ ಅನ್ನುವ ಸದ್ದು. ಬಿಚ್ಚಿ ನೋಡಿದರೆ ರಬ್ಬರ್ ಲೋಹ ಬಿಟ್ಟು ಬಂದಿತ್ತು, ಆ ಬಿರುಕಿನಲ್ಲಿ ಉಗುರು ಹೋಗುತ್ತಿತ್ತು. ಹೊಸ ಬುಷ್ ಹಾಕಿ, ಈ ಸಲ ಗಾಡಿಯನ್ನು ರ‍್ಯಾಂಪ್ ಮೇಲೆ ಅದರ ಚಕ್ರಗಳ ಮೇಲೇ ನಿಲ್ಲಿಸಿ, ಆಮೇಲೆ ಟಾರ್ಕ್ ರೆಂಚ್ ಹಿಡಿದು ಬೋಲ್ಟು ಬಿಗಿದೆ.

ಗಾಡಿಯ ಎತ್ತರ ಗಟ್ಟಿಯಾದ ಮೇಲೇ ಬಾಡಿ ಕೆಲಸ. ಟೈರ್ ಎಲ್ಲಿ ತಾಗುತ್ತದೆ ಅಂತ ಗೊತ್ತಾಗುವುದೇ ಆಗ. ಹಿಂದಿನ ಎಡ ಮಡ್‌ಗಾರ್ಡ್‌ನ ಒಳ ಅಂಚಿಗೆ ಟೈರ್ ಉಜ್ಜುತ್ತಿತ್ತು. ಹೀಟ್ ಗನ್‌ನಿಂದ ಪೇಂಟ್ ಬೆಚ್ಚಗೆ ಮಾಡಿ, ಅಂಚನ್ನು ನಿಧಾನವಾಗಿ ಮಡಚುತ್ತಾ ಹೋದೆ. ಒಂದು ಕಡೆ ಪೇಂಟ್ ಉಬ್ಬಿತು. ಮ್ಯಾಗ್ನೆಟ್ ಇಟ್ಟೆ, ಹಿಡಿಯಲಿಲ್ಲ. ಯಾರೋ ಯಾವತ್ತೋ ತುಕ್ಕಿನ ಮೇಲೆ ಪುಟ್ಟಿ ಮೆತ್ತಿ ಮುಚ್ಚಿದ್ದರು.

ಹೊಳೆಯುವ ಲೋಹ ಸಿಗುವವರೆಗೂ ಕತ್ತರಿಸಿದೆ. ಹೊಸ ತಗಡು ಕೂರಿಸಿ, ಇಲ್ಲೊಂದು ಚುಕ್ಕಿ, ಅಲ್ಲೊಂದು ಚುಕ್ಕಿ, ಮಧ್ಯೆ ತಣ್ಣಗಾಗಲು ಬಿಟ್ಟು ವೆಲ್ಡ್ ಮಾಡಿದೆ. ಒಂದೇ ಸಮನೆ ಎಳೆದರೆ ತಗಡು ಸೊಟ್ಟಗಾಗುತ್ತದೆ. ಮೇಲೆ ಪುಟ್ಟಿ ತೆಳ್ಳಗೆ. ಒಣಗಿದ ಮೇಲೆ ಕಪ್ಪು ಸ್ಪ್ರೇಯನ್ನು ಮಂಜಿನ ಹಾಗೆ ಹೊಡೆದು, ಬ್ಲಾಕ್‌ಗೆ 80, 180, 320 ನಂಬರಿನ ಎಮರಿ ಪೇಪರ್ ಹಾಕಿ ಉಜ್ಜಿದೆ. ಕಪ್ಪು ಉಳಿದ ಜಾಗ ತಗ್ಗು. ಲೋಹ ಇಣುಕಿದ ಜಾಗ ಉಬ್ಬು. ಕಣ್ಣು ಮುಚ್ಚಿ, ಅಂಗೈ ಕೆಳಗೆ ತೆಳು ಬಟ್ಟೆ ಇಟ್ಟು ಸವರಿದರೆ ಕಣ್ಣಿಗೆ ಕಾಣದ್ದು ಕೈಗೆ ಸಿಗುತ್ತದೆ. ಈ ಕೆಲಸದಲ್ಲಿ ನನಗೆ ಇಷ್ಟವಾದ ಗಳಿಗೆ ಇದೇ.

ಬಣ್ಣದ ಮೇಲಿನ ಪಾರದರ್ಶಕ ಪದರ, ಕ್ಲಿಯರ್ ಕೋಟ್ ಮಾತ್ರ ನಾನು ಹೊಡೆಯಲಿಲ್ಲ. ಎರಡು ಭಾಗ ಬೆರೆಸಿ ಹೊಡೆಯುವ 2ಕೆ ಪೇಂಟಿನ ಹಾರ್ಡನರ್‌ನಲ್ಲಿ ಐಸೊಸಯನೇಟ್ ಅನ್ನುವ ರಾಸಾಯನಿಕ ಇರುತ್ತದೆ, ಮಾಮೂಲಿ ಧೂಳಿನ ಮಾಸ್ಕ್ ಅದನ್ನು ತಡೆಯುವುದಿಲ್ಲ, ಶ್ವಾಸಕೋಶಕ್ಕೆ ಕೆಟ್ಟದ್ದು. ಪೇಂಟ್ ಬೂತ್ ಇರುವವರಿಗೆ ಕೊಟ್ಟೆ. ವೀಲ್ ಅಲೈನ್‌ಮೆಂಟ್ ಮಾಡಿಸಿದೆ, ಇಳಿಸಿದಾಗ ಟೋ (ಮೇಲಿಂದ ನೋಡಿದರೆ ಚಕ್ರದ ಓರೆ), ಕ್ಯಾಂಬರ್ (ಮುಂದಿನಿಂದ ನೋಡಿದರೆ ಚಕ್ರದ ಓರೆ) ಎರಡೂ ಬದಲಾಗುತ್ತವೆ. ಹೆಡ್‌ಲೈಟ್ ಬೆಳಕು ಬೀಳುವ ದಿಕ್ಕನ್ನೂ ಸರಿಮಾಡಿಸಿದೆ.

ನಿನ್ನೆ ಸುಮ್ನೆ ಬಲಗಡೆ ಮಡ್‌ಗಾರ್ಡ್‌ಗೂ ಮ್ಯಾಗ್ನೆಟ್ ಇಟ್ಟು ನೋಡಿದೆ. ಅಂಗೈಯಗಲ ಜಾಗದಲ್ಲಿ ಜಾರಿ ಕೆಳಗೆ ಬಿತ್ತು. ಬರುವ ಭಾನುವಾರ ಗ್ರೈಂಡರ್ ಮತ್ತೆ ಹೊರಗೆ ಬರುತ್ತದೆ.