ಕಿಟಕಿಯ ಮುಂದೆ ಏನಿಡೋದು?

ಪ್ಯಾರಿಸ್‌ನ ಲಾ ಟೂರ್ ದಾರ್ಜಾನ್ ರೆಸ್ಟೋರೆಂಟಿನ ಒಳಾಂಗಣವನ್ನು ಹೊಸದಾಗಿ ಮಾಡುತ್ತಿದ್ದಾರೆ ಅಂತ ಓದಿದಾಗ ನನಗೆ ಮೊದಲು ಅನಿಸಿದ್ದು, ಪಾಪ ಆ ಆರ್ಕಿಟೆಕ್ಟ್! ನಾನೂ ಇಂಟೀರಿಯರ್ ಕೆಲಸದವಳೇ. ಹಳೇ ಹೋಟೆಲು ಕೈಗೆ ಬಂದರೆ ಮಾಲೀಕರಿಗೆ ಎಲ್ಲಾ ಹೊಸದಾಗಬೇಕು, ಗಿರಾಕಿಗಳಿಗೆ ಏನೂ ಬದಲಾಗಬಾರದು. ಮೇಜು ಬದಲಿಸಿದ್ದಕ್ಕೆ ದೋಸೆಯ ರುಚಿಯೇ ಹೋಯ್ತು ಎಂದವರನ್ನು ನಾನೇ ಕಂಡಿದ್ದೇನೆ.

ಇದಂತೂ ಸಾಮಾನ್ಯ ಹೋಟೆಲಲ್ಲ. 1582ರಿಂದ ಇದೆ ಅಂತ ಅವರೇ ಹೇಳಿಕೊಳ್ಳುತ್ತಾರೆ (ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು). ಇಲ್ಲಿನ ಹೆಸರುವಾಸಿ ಅಡುಗೆ ಬಾತುಕೋಳಿ. ಮಾಂಸ ಬಿಡಿಸಿದ ಮೇಲೆ ಉಳಿದ ಮೂಳೆಗಳನ್ನು ಬೆಳ್ಳಿಯ ಪ್ರೆಸ್ಸಿನಲ್ಲಿ ಹಿಂಡಿ, ಆ ರಸದಲ್ಲೇ ಸಾಸ್ ಮಾಡುತ್ತಾರೆ. 1890ರಿಂದ ಒಂದೊಂದು ಬಾತಿಗೂ ನಂಬರು, ತಿಂದವರ ಕೈಗೆ ಆ ನಂಬರಿನ ಚೀಟಿ. 2003ರಲ್ಲೇ ಹತ್ತು ಲಕ್ಷ ದಾಟಿತ್ತು. ನೆಲಮಾಳಿಗೆಯಲ್ಲಿ ಸುಮಾರು 3 ಲಕ್ಷ ಬಾಟಲಿ ವೈನ್. ಇಷ್ಟೆಲ್ಲಾ ಇದ್ದೂ 1996ರಲ್ಲಿ, ಹೋಟೆಲುಗಳಿಗೆ ದರ್ಜೆ ಕೊಡುವ ಮಿಶ್ಲೆನ್ ಗೈಡ್‌ನ ಮೂರನೇ ಸ್ಟಾರ್ ಹೋಯಿತು, 2006ರಲ್ಲಿ ಎರಡನೆಯದೂ ಹೋಯಿತು. ಹೆಸರು ದೊಡ್ಡದಿದ್ದರೂ ಕೋಣೆ ಮಂಕಾಗಬಹುದು, ಅಲ್ವಾ?

ಒಳಾಂಗಣದ ಕೆಲಸ ಸಿಕ್ಕಿದ್ದು ಆರ್ಕಿಟೆಕ್ಟ್ ಫ್ರಾಂಕ್ಲಿನ್ ಅಝಿ ಅವರಿಗೆ. 2022ರಲ್ಲಿ ಬಾಗಿಲು ಹಾಕಿದರು, 2023ರಲ್ಲಿ ತೆರೆದರು. ಕಟ್ಟಡದ ಛಾವಣಿಯ ಮೇಲೆ ಬಾರು, ಊಟದ ಹಾಲಿನ ಕೆಳಗಿನ ಅಂತಸ್ತಿನಲ್ಲಿ ಉಳಿದುಕೊಳ್ಳಲು ಒಂದು ಅಪಾರ್ಟ್‌ಮೆಂಟು, ಇವೆಲ್ಲಾ ಬಂದವು. ಅವು ಎಲ್ಲರೂ ಮಾಡುವಂಥವೇ, ಬಿಡಿ.

ನನಗೆ ಹಿಡಿಸಿದ್ದು ಆರನೇ ಮಹಡಿಯ ಊಟದ ಹಾಲ್. ಅಲ್ಲಿ ಕಿಟಕಿಯೇ ಎಲ್ಲಾ. ಗಾಜಿನಾಚೆ ಸೇನ್ ನದಿ, ಅದರಾಚೆ ನೋತ್ರ್ ದಾಮ್ ಚರ್ಚಿನ ಬೆನ್ನು. ಇಂಥ ಕೋಣೆಗೆ ದೊಡ್ಡ ತೂಗುದೀಪ, ಗೋಡೆ ತುಂಬಾ ಚಿತ್ರ ಅಂತ ಹೋದರೆ ಯಾರು ಕತ್ತೆತ್ತಿ ನೋಡುತ್ತಾರೆ? ಆದರೆ ಸುಮ್ನೆ ಬಿಟ್ಟರೂ ಕಷ್ಟ. ಕಿಟಕಿ ಪಕ್ಕದ ಮೇಜು ಸಿಗದವನೂ ಅಷ್ಟೇ ದುಡ್ಡು ಕೊಡುತ್ತಾನಲ್ಲ! ಅವನಿಗೇನು ನೋಡಲು ಕೊಡೋದು? ಉತ್ತರ ಅಡುಗೆಮನೆಯಲ್ಲೇ ಇತ್ತು. ಅದನ್ನು ಹಾಲಿಗೆ ಕಾಣುವಂತೆ ತೆರೆದಿಟ್ಟರು. ಕಿಟಕಿಗೆ ಬೆನ್ನು ಹಾಕಿ ಕೂತರೂ ಬೆಂಕಿ, ಪಾತ್ರೆ, ಓಡಾಟ ಕಾಣುತ್ತದೆ. ನಾನಾಗಿದ್ದರೆ ಕನ್ನಡಿ ಹಾಕಿ ಕೈತೊಳೆದುಕೊಳ್ಳುತ್ತಿದ್ದೆನೇನೋ.

ಈ ಕೆಲಸ ನಡೆಯುವಾಗ ಕಿಟಕಿಯಾಚೆಯ ನೋಟವೂ ರಿಪೇರಿಯಲ್ಲಿತ್ತು ಅನ್ನೋದು ಇನ್ನೊಂದು ತಮಾಷೆ. 2019ರ ಏಪ್ರಿಲ್ 15ರಂದು ನೋತ್ರ್ ದಾಮ್‌ಗೆ ಬೆಂಕಿ ಬಿದ್ದಿತ್ತು. ರೆಸ್ಟೋರೆಂಟು ಮತ್ತೆ ತೆರೆದಾಗಲೂ ಎದುರಿಗೆ ಕ್ರೇನು, ಅಟ್ಟಣಿಗೆ. ಕೋಟಿಗಟ್ಟಲೆ ಸುರಿದು ಕೋಣೆ ಸಜ್ಜು ಮಾಡಿ ಕೊನೆಗೆ ಪಕ್ಕದ ಮನೆಯ ರಿಪೇರಿ ನೋಡುತ್ತಾ ಊಟ ಬಡಿಸಬೇಕು. ಚರ್ಚಿನ ಬಾಗಿಲು ತೆರೆದಿದ್ದು 2024ರ ಡಿಸೆಂಬರ್‌ನಲ್ಲಿ.

ನಾನು ಅಲ್ಲಿ ಊಟ ಮಾಡಿಲ್ಲ, ಆ ದುಡ್ಡಿಗೆ ನಮ್ಮನೆ ಕಿಟಕಿಗಳಿಗೆಲ್ಲಾ ಪರದೆ ಹೊಲಿಸಬಹುದು. ನದಿದಂಡೆಯಲ್ಲಿ ನಿಂತು, ಕೈಯಲ್ಲಿ ಬೇಕರಿಯ ಬ್ರೆಡ್ಡು ಹಿಡಿದು ಮೇಲೆ ನೋಡಿದೆ. ಗಾಜಿನಲ್ಲಿ ಬರೀ ಮೋಡ ಕಾಣುತ್ತಿತ್ತು.