ಮೇ ತಿಂಗಳ ಸ್ವೆಟರ್

ದಾವಣಗೆರೆಯ ಮೇ ತಿಂಗಳ ಬಿಸಿಲು ಗೊತ್ತಲ್ಲ, ಫ್ಯಾನ್ ಕೂಡ ಬಿಸಿ ಗಾಳಿಯನ್ನೇ ಬೀಸುತ್ತದೆ. ಅಂಥದ್ದರಲ್ಲಿ ಅಪ್ಪ ಸ್ವೆಟರ್ ಹಾಕಿಕೊಂಡು, "ಫ್ಯಾನ್ ಬಂದ್ ಮಾಡಪ್ಪ, ಥಂಡಿ ಆಗ್ತೈತಿ" ಅಂದರು. ಮುಖ ಊದಿಕೊಂಡಿತ್ತು. ದನಿ ಗೊಗ್ಗರಾಗಿತ್ತು. ಪೇಪರ್ ಹಿಡಿದು ಕೂತಲ್ಲೇ ತೂಕಡಿಸುತ್ತಿದ್ದರು. ವಯಸ್ಸಾಯ್ತಲ್ಲ ಅಂತ ನಾವು ಸುಮ್ಮನಿದ್ದೆವು.

ಅವರಿಗೆ ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಹೃದಯದ ತಾಳ ತಪ್ಪುವ ಕಾಯಿಲೆ. ನಾಡಿ ಹಿಡಿದರೆ ಎರಡು ಬಡಿತ ಬೇಗ, ಒಂದು ತಡ, ಲೆಕ್ಕವೇ ಸಿಗುತ್ತಿರಲಿಲ್ಲ. ವರ್ಷದಿಂದ ದಿನಕ್ಕೊಂದು ಅಮಿಯೊಡರೋನ್ ಮಾತ್ರೆ, 200 ಮಿಲಿಗ್ರಾಂ. ಬಡಿತ ಹದಕ್ಕೆ ಬಂದಿತ್ತು. ಆದರೆ ಇದನ್ನು ತಗೊಳ್ಳುವಾಗ ಆಗಾಗ ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು ಅಂತ ಬರೆದುಕೊಟ್ಟವರು ಹೇಳಿರಲಿಲ್ಲ. ಆ ಸಿಟ್ಟು ನನಗಿನ್ನೂ ಇದೆ.

ಬೇರೆ ಡಾಕ್ಟರ್ ಹತ್ತಿರ ಹೋದೆವು. ಚೀಟಿ ನೋಡಿದವರೇ ಅಪ್ಪನನ್ನು ಕುರ್ಚಿಯ ಮೇಲೆ ಮಂಡಿಯೂರಿಸಿ, ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರು. ಪಾದ ಟಕ್ಕಂತ ಅಲ್ಲಾಡಿತು, ವಾಪಸ್ ಬರುವಾಗ ಮಾತ್ರ ಸೋಮಾರಿ ಎತ್ತಿನ ಹಾಗೆ ನಿಧಾನ. "ಥೈರಾಯ್ಡ್ ಮಲಗಿದೆ" ಅಂದರು. ರಿಪೋರ್ಟ್ ಬಂದಾಗ, ಥೈರಾಯ್ಡ್ ಮಂದವಾದರೆ ರಕ್ತದಲ್ಲಿ ಏರುವ ಟಿಎಸ್‌ಎಚ್ 48ಕ್ಕೆ ಏರಿತ್ತು.

ಬೇರೆ ಮಾತ್ರೆ ಇಲ್ವಾ ಅಂತ ಕೇಳಿದೆ. ಹೃದಯದ ತಾಳಕ್ಕೆ ಕೊಡುವ ಮಾತ್ರೆಗಳಲ್ಲಿ ನಾಲ್ಕು ಬಗೆ ಅಂತ ಅವರು ಚೀಟಿಯ ಹಿಂಬದಿ ನಾಲ್ಕು ಗೆರೆ ಎಳೆದರು. ಮೊದಲನೇದು ಸೋಡಿಯಂ ದಾರಿ ತಡೆಯುವಂಥವು, ಫ್ಲೆಕೈನೈಡ್ ಥರದವು. ಅಪ್ಪನಿಗೆ ಹಿಂದೆ ಹಾರ್ಟ್ ಅಟ್ಯಾಕ್ ಆಗಿದ್ದರಿಂದ ಅದು ಬೇಡವೇ ಬೇಡ, ಅಂಥವರಲ್ಲಿ ಅದರಿಂದ ಸಾವೇ ಜಾಸ್ತಿ ಅಂತ 1989ರಲ್ಲೇ ಗೊತ್ತಾಗಿತ್ತಂತೆ. ಎರಡನೇದು ಮೆಟೊಪ್ರೊಲಾಲ್ ಥರದ ಬೀಟಾ ಬ್ಲಾಕರ್, ನಾಲ್ಕನೇದು ಕ್ಯಾಲ್ಸಿಯಂ ತಡೆಯುವ ವೆರಪಮಿಲ್, ಡಿಲ್ಟಿಯಾಜೆಮ್. ಇವು ಓಟ ತಗ್ಗಿಸುತ್ತವೆ, ತಪ್ಪಿದ ತಾಳವನ್ನು ಸಾಮಾನ್ಯವಾಗಿ ಸರಿಮಾಡುವುದಿಲ್ಲ. ಮೂರನೇದು ಪೊಟ್ಯಾಸಿಯಂ ದಾರಿ ತಡೆಯುವಂಥವು. ಅಮಿಯೊಡರೋನ್ ಅಲ್ಲಿದೆ, ಆದರೆ ಉಳಿದ ಮೂರರ ಕೆಲಸಕ್ಕೂ ಕೈಹಾಕುತ್ತದೆ. ಜಾಣ ಮಾತ್ರೆ, ಜೊತೆಗೆ ಕಿತಾಪತಿ. ಒಂದೊಂದರಲ್ಲೂ ಸುಮಾರು 75 ಮಿಲಿಗ್ರಾಂ ಅಯೋಡಿನ್. ನಮಗೆ ದಿನಕ್ಕೆ ಬೇಕಾದ್ದು 150 ಮೈಕ್ರೋಗ್ರಾಂ! ಅಷ್ಟೂ ಬಿಡುಗಡೆಯಾಗಲ್ಲ, ಆದರೂ ಥೈರಾಯ್ಡ್‌ಗೆ ಅದು ಅತಿಯೇ.

ಅಮ್ಮನಿಗೆ ತಡೆಯಲಾಗಲಿಲ್ಲ. "ಉಪ್ಪಿನ ಪಾಕೀಟಿನ ಮೇಲೆ ಅಯೋಡಿನ್ ಐತಿ ಅಂತ ದಪ್ಪಗೆ ಬರ್ದಿರ್ತಾರ, ಇದರ ಮೇಲೆ ಬರ್ಯಾಕ ಏನಾಗಿತ್ರಿ?"

ನಿಲ್ಲಿಸಿದರೂ ಅದು ಮೈಯ ಕೊಬ್ಬಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತಂತೆ. ಹಾಗಾಗಿ ನಿಲ್ಲಿಸಲಿಲ್ಲ. ಖಾಲಿ ಹೊಟ್ಟೆಗೆ ಥೈರಾಯ್ಡ್ ಹಾರ್ಮೋನಿನ ಮಾತ್ರೆ ಥೈರಾಕ್ಸಿನ್ ಸೇರಿತು, ಅಮಿಯೊಡರೋನ್‌ನಿಂದ ಬಿಸಿಲಲ್ಲಿ ಚರ್ಮ ಸುಡುತ್ತದೆ ಅಂತ ಟೋಪಿಯೂ ಸೇರಿತು. ಮೊನ್ನೆ ಮಧ್ಯಾಹ್ನ ಅಪ್ಪ ತಾವೇ ಎದ್ದು ಫ್ಯಾನ್ ಹಾಕಿಕೊಂಡರು.