ಬೆಳಗಿನ ಜಾವ ಮೂರೂವರೆಯ ಗಡುವು

ಪ್ರತಿವರ್ಷ ಜುಲೈ ತಿಂಗಳ ಉತ್ತರಾರ್ಧದಲ್ಲಿ, ಮೈಸೂರಿನ ಜನರೆಲ್ಲ ಚಾಮುಂಡಿ ಬೆಟ್ಟದ ಆಷಾಢ ಶುಕ್ರವಾರದ ನೂಕುನುಗ್ಗಲನ್ನೂ ಕನ್ನಂಬಾಡಿಯ ನೀರಿನ ಮಟ್ಟವನ್ನೂ ಕುರಿತು ಮಾತನಾಡುತ್ತಿರುವಾಗ, ಕುಕ್ಕರಹಳ್ಳಿ ಕೆರೆಗೆ ಬೆಳಗಿನ ನಡಿಗೆಗೆ ಬರುವ ನಮ್ಮ ಸಣ್ಣ ಗುಂಪು ಅಮೆರಿಕದ ಬೇಸ್‌ಬಾಲ್ ಆಟಗಾರರನ್ನು ಒಂದು ತಂಡದಿಂದ ಇನ್ನೊಂದಕ್ಕೆ ಸಾಗಹಾಕುವ ಕೆಲಸದಲ್ಲಿ ಮುಳುಗಿರುತ್ತದೆ. ನಮ್ಮಲ್ಲಿ ಹೆಚ್ಚಿನವರು ಸಾಫ್ಟ್‌ವೇರ್ ಕೆಲಸದ ನಿಮಿತ್ತ ಕೆಲವು ವರ್ಷ ಅಲ್ಲಿದ್ದು ಹಿಂದಿರುಗಿದವರು. ಯಾವ ಊರಿನಲ್ಲಿ ಮನೆ ಬಾಡಿಗೆ ಕಟ್ಟಿದ್ದರೋ ಆ ಊರಿನ ತಂಡವನ್ನೇ ಹಚ್ಚಿಕೊಂಡು ಬಂದವರು. ಋತುವಿನ ನಡುವೆ ಆಟಗಾರರನ್ನು ವಿನಿಮಯ ಮಾಡಿಕೊಳ್ಳಲು ಅಲ್ಲಿನ ಅತ್ಯುನ್ನತ ಲೀಗಾದ ಮೇಜರ್ ಲೀಗ್ ಇಟ್ಟಿರುವ ಕೊನೆಯ ಗಡುವು ಸಾಮಾನ್ಯವಾಗಿ ಜುಲೈ 31ರ ಆಸುಪಾಸಿನಲ್ಲಿ, ನ್ಯೂಯಾರ್ಕ್ ಸಮಯ ಸಂಜೆ ಆರಕ್ಕೆ ಮುಗಿಯುತ್ತದೆ. ನಮಗೆ ಅದು ಮರುದಿನ ಬೆಳಗಿನ ಜಾವ ಮೂರೂವರೆ. ಚುನಾವಣೆ ಘೋಷಣೆಯಾದ ಮೇಲೆ ಮಂಡ್ಯದ ಹೋಟೆಲುಗಳಲ್ಲಿ ಬಿ ಫಾರಂ ಯಾರಿಗೆಂಬುದು ಹೈಕಮಾಂಡಿಗಿಂತ ಮೊದಲೇ ತೀರ್ಮಾನವಾಗಿಬಿಡುವಂತೆ, ಆ ಗಡುವಿಗೆ ಎರಡು ವಾರ ಮುಂಚೆಯೇ ನಾವು ಎಲ್ಲ ಮೂವತ್ತು ತಂಡಗಳ ವ್ಯವಹಾರವನ್ನೂ ಮುಗಿಸಿಕೊಟ್ಟಿರುತ್ತೇವೆ.

ಇದು ಹೊತ್ತು ಹೋಗದವರ ಹರಟೆ ಎಂದು ನಮ್ಮ ಮನೆಗಳಲ್ಲಿ ಅಭಿಪ್ರಾಯವಿದೆ. ನಾನು ಅದನ್ನು ಪೂರ್ತಿ ಒಪ್ಪುವುದಿಲ್ಲ. ಒಳ್ಳೆಯ ಊಹೆಗೂ ಕೆಟ್ಟ ಊಹೆಗೂ ನಡುವೆ ಸ್ಪಷ್ಟವಾದ ಗೆರೆಯಿದೆ, ಮತ್ತು ಆ ಗೆರೆ ಬಹುಮಟ್ಟಿಗೆ ಒಂದೇ ಪ್ರಶ್ನೆಯ ಮೇಲೆ ನಿಂತಿದೆ: ನೀವು ಎದುರು ತಂಡದ ಜನರಲ್ ಮ್ಯಾನೇಜರ್ (ಆಟಗಾರರನ್ನು ಕೊಟ್ಟು ತರುವ ಅಧಿಕಾರಿ) ಆಗಿದ್ದರೆ ಈ ಕೊಡುಕೊಳ್ಳುವಿಕೆಗೆ ಹೂಂ ಅನ್ನುತ್ತಿದ್ದಿರೇ?

ಗಡುವಿನ ಇತಿಹಾಸವೇ ಇಂಥದೊಂದು ಅಸಮಾಧಾನದಿಂದ ಆರಂಭವಾಯಿತು. 1922ರ ಜುಲೈನಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡ ಬಾಸ್ಟನ್ ತಂಡದಿಂದ ಜೋ ಡುಗನ್ ಎಂಬ ಮೂರನೇ ಬೇಸ್ (ರನ್ನಿಗಾಗಿ ಓಡಿ ಸುತ್ತಬೇಕಾದ ಠಾಣೆಗಳಲ್ಲೊಂದು) ಕಾಯುವ ಆಟಗಾರನನ್ನು ಪಡೆದುಕೊಂಡಿತು. ಅದರೊಂದಿಗೆ ಜಿದ್ದಾಜಿದ್ದಿಯಲ್ಲಿದ್ದ ಸೇಂಟ್ ಲೂಯಿಸ್ ಬ್ರೌನ್ಸ್ ಕೊನೆಗೆ ಒಂದೇ ಒಂದು ಪಂದ್ಯದ ಅಂತರದಲ್ಲಿ ಹಿಂದುಳಿಯಿತು. ಹಣವಂತ ತಂಡಗಳು ಋತುವಿನ ಅರ್ಧ ದಾರಿಯಲ್ಲಿ ಗೆಲುವನ್ನು ಕೊಂಡುಕೊಳ್ಳುತ್ತಿವೆ ಎಂಬ ಕೂಗಿಗೆ ಮಣಿದು ಮರುವರ್ಷ ಜೂನ್ 15ರ ಗಡುವನ್ನು ತರಲಾಯಿತು. 1986ರಲ್ಲಿ ಅದು ಜುಲೈ 31ಕ್ಕೆ ಸರಿಯಿತು. ಆ ಬಳಿಕವೂ ಆಗಸ್ಟಿನಲ್ಲಿ ಹಿಂಬಾಗಿಲಿನಿಂದ ವಿನಿಮಯ ನಡೆಸಲು ಒಂದು ದಾರಿ ಉಳಿದಿತ್ತು. 2019ರಿಂದ ಅದನ್ನೂ ಮುಚ್ಚಿದ್ದರಿಂದ ಇಡೀ ಸಂತೆ ಈಗ ಒಂದೇ ದಿನದ ಮೇಲೆ ಬಂದು ಕುಳಿತಿದೆ.

ಐಪಿಎಲ್ ನೋಡಿ ಬೆಳೆದವರಿಗೆ ಈ ಸಂತೆಯ ಲೆಕ್ಕಾಚಾರ ಮೊದಮೊದಲು ವಿಚಿತ್ರವೆನಿಸುತ್ತದೆ. ನಮ್ಮಲ್ಲಿ ತಂಡಗಳ ನಡುವಣ ಟ್ರೇಡ್ ನಡೆಯುವುದು ಟೂರ್ನಿ ಮುಗಿದ ಮೇಲೆ. ಆಟಗಾರನ ಒಪ್ಪಿಗೆ ಬೇಕೇ ಬೇಕು. ಎಷ್ಟೋ ಸಲ ಬದಲಿಗೆ ಹೋಗುವುದು ಬರೀ ಹಣ. 2023ರ ನವೆಂಬರಿನಲ್ಲಿ ಹಾರ್ದಿಕ್ ಪಾಂಡ್ಯ ಗುಜರಾತಿನಿಂದ ಮುಂಬೈಗೆ ಮರಳಿದ್ದು ಹಾಗೆಯೇ. ಬೇಸ್‌ಬಾಲ್‌ನಲ್ಲಿ ಹಣದ ಪಾತ್ರ ಗೌಣವಾದುದು. ಅಲ್ಲಿನ ನಿಜವಾದ ನಾಣ್ಯವೆಂದರೆ ಮೇಜರ್ ಲೀಗ್‌ಗೆ ಹುಡುಗರನ್ನು ತಯಾರು ಮಾಡುವ ಕೆಳಹಂತದ ಮೈನರ್ ಲೀಗ್‌ಗಳಲ್ಲಿ ಪಳಗುತ್ತಿರುವ ಹದಿನೆಂಟು, ಇಪ್ಪತ್ತು, ಇಪ್ಪತ್ತೆರಡರ ಹರೆಯದ ಹುಡುಗರು. ಕಾರಣ ಸರಳ. ಮೇಜರ್ ಲೀಗ್‌ಗೆ ಕಾಲಿಟ್ಟ ಆಟಗಾರ ಆರು ವರ್ಷಗಳ ಸೇವೆ ಮುಗಿಸುವವರೆಗೆ ತಂಡದ ಹಿಡಿತದಲ್ಲೇ ಇರುತ್ತಾನೆ. ಅದರಲ್ಲಿ ಮೊದಲ ಮೂರು ವರ್ಷ ಅವನಿಗೆ ಸಿಗುವುದು ಹೆಚ್ಚುಕಡಿಮೆ ಕನಿಷ್ಠ ವೇತನ, ಅಂದರೆ 2025ರ ಲೆಕ್ಕದಲ್ಲಿ 7,60,000 ಡಾಲರ್. ನಮ್ಮ ಕಣ್ಣಿಗೆ ಅದು ದೊಡ್ಡ ಮೊತ್ತವೇ ಆದರೂ ತಾರಾ ಆಟಗಾರನೊಬ್ಬ ವರ್ಷಕ್ಕೆ ಮೂರು ನಾಲ್ಕು ಕೋಟಿ ಡಾಲರ್ ಪಡೆಯುವ ಲೀಗಿನಲ್ಲಿ ಅದು ಚಿಲ್ಲರೆ. ಆದ್ದರಿಂದ ಆರು ವರ್ಷ ಅಗ್ಗವಾಗಿ ಆಡಬಲ್ಲ ಪ್ರತಿಭಾವಂತ ಹುಡುಗನೊಬ್ಬ, ಎರಡು ತಿಂಗಳಲ್ಲಿ ಒಪ್ಪಂದ ಮುಗಿಯಲಿರುವ ತಾರೆಗಿಂತ ಹೆಚ್ಚು ಬೆಲೆಬಾಳುವುದು ಅಲ್ಲಿ ಮಾಮೂಲು ಸಂಗತಿ.

ಅಭಿಮಾನಿಗಳ ಊಹೆಗಳು ಎಡವುವುದೂ ಇಲ್ಲಿಯೇ. ತಮ್ಮ ತಂಡಕ್ಕೆ ಒಬ್ಬ ಒಳ್ಳೆಯ ಪಿಚರ್ (ಚೆಂಡೆಸೆಯುವವನು) ಬೇಕೆಂದು ಅನಿಸಿದ ಕೂಡಲೇ, ತಮಗೆ ಬೇಡವಾದ ಮೂವರು ಸಾಧಾರಣ ಆಟಗಾರರನ್ನು ಒಂದು ಕಟ್ಟು ಕಟ್ಟಿ ಎದುರಿನವರ ಮುಂದಿಡುತ್ತಾರೆ. ಬೇಡದ ಮೂವರನ್ನು ಕೂಡಿಸಿದರೆ ಬೇಕಾದ ಒಬ್ಬನಾಗುವುದಿಲ್ಲ ಎಂಬುದು ಅವರಿಗೆ ತಿಳಿಯದ ವಿಷಯವೇನಲ್ಲ. ಆದರೆ ಜುಲೈನಲ್ಲಿ ಮರೆತುಹೋಗುತ್ತದೆ. ಇನ್ನು ಕೆಲವರು ಅದೇ ತಿಂಗಳ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ಪ್ರಕ್ರಿಯೆ) ಆಯ್ಕೆಯಾದ ಹುಡುಗನ ಹೆಸರನ್ನು ಉತ್ಸಾಹದಿಂದ ಸೇರಿಸುತ್ತಾರೆ. ಹಾಗೆ ಆಯ್ಕೆಯಾದವರನ್ನು ಆ ವರ್ಷದ ವರ್ಲ್ಡ್ ಸೀರೀಸ್, ಅಂದರೆ ಋತುವಿನ ಕೊನೆಯ ಪ್ರಶಸ್ತಿ ಸರಣಿ, ಮುಗಿಯುವವರೆಗೆ ವಿನಿಮಯ ಮಾಡುವಂತಿಲ್ಲ. ಡ್ರಾಫ್ಟ್‌ನ ಸರದಿಗಳನ್ನೇ ಕೊಟ್ಟುಬಿಡೋಣವೆಂದರೆ, ಬಾಸ್ಕೆಟ್‌ಬಾಲ್‌ನಲ್ಲಿ ನಡೆಯುವ ಆ ವ್ಯವಹಾರಕ್ಕೆ ಇಲ್ಲಿ ಕೆಲವು ವಿಶೇಷ ಸರದಿಗಳನ್ನು ಬಿಟ್ಟರೆ ಅವಕಾಶವಿಲ್ಲ.

ಲೆಕ್ಕ ಸರಿಯಾಗಿ ಕೂಡಿಬಂದ ಊಹೆಗೆ 2025ರ ಯುಹೆನಿಯೊ ಸುವಾರೆಸ್‌ನ ಪ್ರಕರಣವನ್ನು ಹೇಳಬೇಕು. ಸಿಯಾಟಲ್ ಮ್ಯಾರಿನರ್ಸ್ ನಮ್ಮ ಗುಂಪಿನ ಒಬ್ಬರ ತಂಡ. ಮೂವತ್ತು ತಂಡಗಳಲ್ಲಿ ವರ್ಲ್ಡ್ ಸೀರೀಸ್‌ಗೆ ಒಮ್ಮೆಯೂ ತಲುಪದ ಏಕೈಕ ತಂಡವೆಂಬ ಹಣೆಪಟ್ಟಿ ಅದಕ್ಕಿರುವುದರಿಂದ ಅವರು ಜುಲೈ ಬಂತೆಂದರೆ ಉಳಿದವರಿಗಿಂತ ಹೆಚ್ಚು ಚಡಪಡಿಸುತ್ತಾರೆ. ಆ ವರ್ಷ ಅವರ ತರ್ಕ ಹೀಗಿತ್ತು: ಸಿಯಾಟಲ್‌ನ ಪಿಚಿಂಗ್ ಬಲವಾಗಿದೆ, ಹೊಡೆತಗಾರರು ಸಾಲದು, ಅರಿಜೋನಾ ತಂಡ ಪೈಪೋಟಿಯಿಂದ ಹಿಂದೆ ಬಿದ್ದಿದೆ, ಅದರ ಮೂರನೇ ಬೇಸ್‌ನಲ್ಲಿ ಆಡುವ ಸುವಾರೆಸ್ ಆಗಲೇ 36 ಹೋಮ್ ರನ್ (ನಮ್ಮ ಸಿಕ್ಸರಿನಂತೆ ಚೆಂಡನ್ನು ಗೋಡೆ ದಾಟಿಸುವ ಹೊಡೆತ) ಹೊಡೆದಿದ್ದಾನೆ, ಅವನ ಒಪ್ಪಂದ ಆ ವರ್ಷದ ಕೊನೆಗೆ ಮುಗಿಯುತ್ತದೆ, ಹಾಗಾಗಿ ಅರಿಜೋನಾಕ್ಕೆ ಅವನನ್ನು ಇಟ್ಟುಕೊಂಡು ಪ್ರಯೋಜನವಿಲ್ಲ, 2022 ಮತ್ತು 2023ರಲ್ಲಿ ಅವನು ಸಿಯಾಟಲ್‌ನಲ್ಲೇ ಆಡಿದವನಾದ್ದರಿಂದ ಡ್ರೆಸ್ಸಿಂಗ್ ರೂಮಿಗೂ ಹೊಸಬನಲ್ಲ. ಈ ತರ್ಕದ ಸೊಗಸು ಏನೆಂದರೆ ಅದರ ಅರ್ಧ ಭಾಗ ಅರಿಜೋನಾದ ಹಿತವನ್ನು ಕುರಿತದ್ದು. ಗಡುವಿನ ವಾರದಲ್ಲಿ ಅದೇ ತಂಡದಿಂದ ಮೊದಲು ಜೋಶ್ ನೇಲರ್, ಆಮೇಲೆ ಸುವಾರೆಸ್ ಸಿಯಾಟಲ್‌ಗೆ ಬಂದಾಗ ನಮ್ಮ ಗೆಳೆಯರು ಕೆರೆಯ ದಡದಲ್ಲಿ ನಮಗೆಲ್ಲ ಕಾಫಿ ಕೊಡಿಸಿದರು.

ಮುಂದೆ ಆದದ್ದು ಇನ್ನೂ ಸ್ವಾರಸ್ಯವಾಗಿದೆ. ಋತುವಿನ ಉಳಿದ ಎರಡು ತಿಂಗಳು ಸುವಾರೆಸ್‌ನ ಬ್ಯಾಟು ಸೊರಗಿತು, ಕಾಫಿ ಕುಡಿದ ನಾವೇ ಅವರನ್ನು ರೇಗಿಸತೊಡಗಿದೆವು. ಅಷ್ಟರಲ್ಲಿ ಅಕ್ಟೋಬರ್ ಬಂತು. ಮೇಜರ್ ಲೀಗಿನ ಎರಡು ಬಣಗಳಲ್ಲೊಂದಾದ ಅಮೆರಿಕನ್ ಲೀಗ್‌ನ ಅಂತಿಮ ಸರಣಿಯ ಐದನೇ ಪಂದ್ಯದಲ್ಲಿ, ಟೊರಾಂಟೊ ವಿರುದ್ಧ ಸ್ಕೋರು ಸಮಸಮವಾಗಿದ್ದಾಗ, ಎಂಟನೇ ಇನ್ನಿಂಗ್ಸ್‌ನಲ್ಲಿ ಮೂರೂ ಬೇಸ್‌ಗಳು ತುಂಬಿರುವಂತೆ ಅವನು ಚೆಂಡನ್ನು ಬಲಗಡೆಯ ಗೋಡೆಯಾಚೆ ಕಳಿಸಿದ, ಒಂದೇ ಏಟಿಗೆ ನಾಲ್ಕು ರನ್ ಬಂತು. ಸಿಯಾಟಲ್ 6-2ರಿಂದ ಗೆದ್ದಿತು. ಸರಣಿಯನ್ನು ಮಾತ್ರ ಏಳನೇ ಪಂದ್ಯದಲ್ಲಿ ಸೋತಿತು, ಹಣೆಪಟ್ಟಿ ಹಾಗೆಯೇ ಉಳಿಯಿತು. ಹಾಗಾದರೆ ಆ ವಿನಿಮಯ ಒಳ್ಳೆಯದೋ ಕೆಟ್ಟದೋ? ನನ್ನ ಮಟ್ಟಿಗೆ ಒಳ್ಳೆಯದೇ, ಏಕೆಂದರೆ ಅಂಥ ಒಂದು ರಾತ್ರಿಯ ಸಾಧ್ಯತೆಗಾಗಿಯೇ ಅದನ್ನು ಮಾಡಿದ್ದು.

ಫಲಿತಾಂಶವನ್ನು ಕಂಡ ಮೇಲೆ ನಿರ್ಧಾರವನ್ನು ಬೈಯುವ ಚಟಕ್ಕೆ ಅತಿ ಹೆಚ್ಚು ಬಲಿಯಾದದ್ದು 1987ರ ಡೆಟ್ರಾಯಿಟ್ ಟೈಗರ್ಸ್. ಆ ಆಗಸ್ಟ್ 12ರಂದು, ಹಿಂಬಾಗಿಲಿನ ದಾರಿ ಇನ್ನೂ ತೆರೆದಿದ್ದ ಕಾಲದಲ್ಲಿ, ಅವರು ಅಟ್ಲಾಂಟಾದಿಂದ 36 ವರ್ಷದ ಪಿಚರ್ ಡಾಯ್ಲ್ ಅಲೆಕ್ಸಾಂಡರ್‌ನನ್ನು ತಂದು, ಬದಲಿಗೆ ಜಾನ್ ಸ್ಮೋಲ್ಟ್ಸ್ ಎಂಬ 20ರ ಹುಡುಗನನ್ನು ಕೊಟ್ಟರು. ಹುಡುಗ ಮಿಷಿಗನ್ ರಾಜ್ಯದವನೇ, ಟೈಗರ್ಸ್ ಅಭಿಮಾನಿಯಾಗಿ ಬೆಳೆದವನು. ಅವನು ಮುಂದೆ ಅಟ್ಲಾಂಟಾದ ಕಂಬವಾಗಿ, 213 ಗೆಲುವು 154 ಸೇವ್‌ಗಳೊಂದಿಗೆ (ಕೊನೆಯಲ್ಲಿ ಬಂದು ಮುನ್ನಡೆ ಉಳಿಸಿಕೊಟ್ಟ ಪಂದ್ಯಗಳು) ಆಟ ಮುಗಿಸಿ, 2015ರಲ್ಲಿ ಶ್ರೇಷ್ಠ ಆಟಗಾರರ ಹಾಲ್ ಆಫ್ ಫೇಮ್ ಸೇರಿದ. ಆದ್ದರಿಂದ ಜಗತ್ತಿನ ಅತಿ ಮೂರ್ಖ ವಿನಿಮಯಗಳ ಪಟ್ಟಿ ಮಾಡುವವರೆಲ್ಲ ಇದನ್ನು ಮೊದಲ ಸಾಲಿನಲ್ಲಿ ಬರೆಯುತ್ತಾರೆ. ಆದರೆ ಅಲೆಕ್ಸಾಂಡರ್ ಡೆಟ್ರಾಯಿಟ್‌ಗೆ ಬಂದು ಮಾಡಿದ್ದೇನು? ಆ ಋತುವಿನಲ್ಲಿ ಒಂಬತ್ತು ಗೆದ್ದ, ಒಂದನ್ನೂ ಸೋಲಲಿಲ್ಲ. ಅವನು ಆರಂಭಿಸಿದ ಹನ್ನೊಂದು ಪಂದ್ಯಗಳನ್ನೂ ತಂಡ ಗೆದ್ದಿತು. ಡೆಟ್ರಾಯಿಟ್ ಟೊರಾಂಟೊವನ್ನು ಎರಡೇ ಪಂದ್ಯಗಳ ಅಂತರದಲ್ಲಿ ಹಿಂದಿಕ್ಕಿ ವಿಭಾಗದ ಪ್ರಶಸ್ತಿ ಪಡೆಯಿತು. ಅವನಿಲ್ಲದಿದ್ದರೆ ಅದು ಸಾಧ್ಯವಿರಲಿಲ್ಲವೆಂದು ಧೈರ್ಯವಾಗಿ ಹೇಳಬಹುದು. ಮಿನ್ನೆಸೋಟಾ ಎದುರಿನ ಮುಂದಿನ ಸರಣಿಯಲ್ಲಿ ಅವನು ಆರಂಭಿಸಿದ ಎರಡೂ ಪಂದ್ಯಗಳನ್ನು ಸೋತದ್ದು ನಿಜ. ಆದರೂ ಆಗಸ್ಟಿನಲ್ಲಿ ಕುಳಿತು ಯೋಚಿಸಿದವರು ಮೂರ್ಖರಾಗಿರಲಿಲ್ಲ. ಗುಂಪಿನಲ್ಲಿ ಈ ವಾದಕ್ಕೆ ನನಗೆ ಬೆಂಬಲ ಸಿಕ್ಕಿಲ್ಲ, ಬಿಡಿ.

ಎದುರು ತಂಡದ ಹಿತವನ್ನು ಲೆಕ್ಕ ಹಾಕಿದರೂ ಒಮ್ಮೊಮ್ಮೆ ಮೂರನೆಯವನೊಬ್ಬ ಉಳಿದುಬಿಡುತ್ತಾನೆ. ಅವನೇ ಆಟಗಾರ. ಸಾಮಾನ್ಯವಾಗಿ ಅವನ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ. ಲೀಗಿನಲ್ಲಿ ಹತ್ತು ವರ್ಷ ಸೇವೆ ಸಲ್ಲಿಸಿ ಕೊನೆಯ ಐದನ್ನು ಒಂದೇ ತಂಡದಲ್ಲಿ ಕಳೆದವರಿಗೆ, ಅಥವಾ ಒಪ್ಪಂದದಲ್ಲೇ ಷರತ್ತು ಹಾಕಿಸಿಕೊಂಡವರಿಗೆ ಮಾತ್ರ ಬೇಡವೆನ್ನುವ ಹಕ್ಕಿದೆ. 2022ರ ಆಗಸ್ಟ್ 2ರಂದು ವಾಷಿಂಗ್ಟನ್ ತಂಡ, 44 ಕೋಟಿ ಡಾಲರ್‌ಗಳ ಹದಿನೈದು ವರ್ಷದ ಒಪ್ಪಂದವನ್ನು ಬೇಡವೆಂದ 23ರ ಹುವಾನ್ ಸೋಟೊನನ್ನು ಸ್ಯಾನ್ ಡಿಯಾಗೊಗೆ ಕೊಟ್ಟಾಗ, ಪ್ರತಿಯಾಗಿ ಹೋಗಬೇಕಿದ್ದವರಲ್ಲಿ ಎರಿಕ್ ಹಾಸ್ಮರ್ ಕೂಡ ಒಬ್ಬ. ಅವನ ಒಪ್ಪಂದದಲ್ಲಿ ಅಂಥ ಷರತ್ತಿತ್ತು, ಬರುವುದಿಲ್ಲವೆಂದ. ಇಡೀ ಲೀಗು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ ವ್ಯವಹಾರ ಕೆಲಹೊತ್ತು ತೂಗಾಡಿ, ಅವನ ಜಾಗಕ್ಕೆ ಲ್ಯೂಕ್ ವಾಯ್ಟ್‌ನನ್ನು ಸೇರಿಸಿದ ಮೇಲೆ ಇತ್ಯರ್ಥವಾಯಿತು. ಹಾಸ್ಮರ್ ಅದೇ ದಿನ ಬಾಸ್ಟನ್‌ಗೆ ಹೋದ. ನಮ್ಮ ಯಾರ ಕಾಗದದ ಮೇಲೂ ಆ ಹೆಸರಿರಲಿಲ್ಲ.

ಹಕ್ಕಿಲ್ಲದ ಆಟಗಾರನ ಮೇಲೆ ಊಹೆಯ ಭಾರ ಹೇಗೆ ಬೀಳುತ್ತದೆಂಬುದನ್ನು ಕಣ್ಣಾರೆ ತೋರಿಸಿದ್ದು 2015ರ ಜುಲೈ 29ರ ರಾತ್ರಿ. ನ್ಯೂಯಾರ್ಕ್ ಮೆಟ್ಸ್ ತಂಡ ತನ್ನ ಮೈದಾನದಲ್ಲಿ ಸ್ಯಾನ್ ಡಿಯಾಗೊ ವಿರುದ್ಧ ಆಡುತ್ತಿತ್ತು. ಅದರ ಶಾರ್ಟ್‌ಸ್ಟಾಪ್ ಆಟಗಾರ ವಿಲ್ಮರ್ ಫ್ಲೋರೆಸ್ ವೆನೆಜುವೆಲಾದವನು, ಹದಿನಾರನೆಯ ವಯಸ್ಸಿಗೇ ಮೆಟ್ಸ್‌ಗೆ ಸಹಿ ಹಾಕಿದವನು, ಬೇರೆ ತಂಡವನ್ನು ಕಂಡವನಲ್ಲ. ಪಂದ್ಯ ನಡೆಯುತ್ತಿರುವಾಗಲೇ ಅವನನ್ನೂ ಪಿಚರ್ ಜ್ಯಾಕ್ ವೀಲರ್‌ನನ್ನೂ ಮಿಲ್ವಾಕಿಗೆ ಕೊಟ್ಟು ಕಾರ್ಲೋಸ್ ಗೋಮೆಸ್‌ನನ್ನು ತರಲಾಗಿದೆಯೆಂಬ ಸುದ್ದಿ ಪ್ರೇಕ್ಷಕರ ಫೋನುಗಳಿಗೆ ಬಂತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿ ಅವನನ್ನು ಬೀಳ್ಕೊಟ್ಟರು. ತಾನು ಹೋಗುತ್ತಿರುವ ವಿಷಯ ಫ್ಲೋರೆಸ್‌ಗೆ ಗೊತ್ತಾದದ್ದು ಆ ಅಭಿಮಾನಿಗಳಿಂದ. ಮೈದಾನದಲ್ಲಿ ತಂಡವನ್ನು ನಡೆಸುವ ಮ್ಯಾನೇಜರ್ ಟೆರ್ರಿ ಕಾಲಿನ್ಸ್‌ಗೆ ಏನೂ ತಿಳಿದಿರಲಿಲ್ಲವಾದ್ದರಿಂದ ಅವನನ್ನು ಮೈದಾನದಿಂದ ಕರೆಸಿಕೊಳ್ಳಲೂ ಇಲ್ಲ. ಎರಡನೇ ಮತ್ತು ಮೂರನೇ ಬೇಸ್‌ಗಳ ನಡುವೆ ನಿಂತು, ಪ್ರತಿ ಎಸೆತಕ್ಕೂ ಮೊಣಕಾಲು ಬಗ್ಗಿಸಿ ಸಿದ್ಧನಾಗುತ್ತಲೇ, ನಡುನಡುವೆ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ ಅವನನ್ನು ಟಿವಿ ಕ್ಯಾಮೆರಾಗಳು ಬಿಡದೆ ತೋರಿಸಿದವು.

ಆ ವಿನಿಮಯ ನಡೆಯಲೇ ಇಲ್ಲ. ಗೋಮೆಸ್‌ನ ವೈದ್ಯಕೀಯ ವರದಿ ಮೆಟ್ಸ್‌ನವರಿಗೆ ಸಮಾಧಾನ ತರಲಿಲ್ಲ; ಅವನು ಮರುದಿನ ಹ್ಯೂಸ್ಟನ್ ಪಾಲಾದ. ಎರಡು ದಿನ ಕಳೆದು, ಗಡುವಿನ ದಿನವಾದ ಜುಲೈ 31ರಂದು, ವಾಷಿಂಗ್ಟನ್ ವಿರುದ್ಧದ ಪಂದ್ಯದ ಹನ್ನೆರಡನೇ ಇನ್ನಿಂಗ್ಸ್‌ನಲ್ಲಿ ಫ್ಲೋರೆಸ್ ಹೋಮ್ ರನ್ ಹೊಡೆದು ಪಂದ್ಯವನ್ನೇ ಮುಗಿಸಿದ, ಎದೆಯ ಮೇಲಿನ ತಂಡದ ಹೆಸರನ್ನು ಮುಷ್ಟಿಯಲ್ಲಿ ಹಿಡಿದೆಳೆಯುತ್ತ ಹೋಮ್ ಪ್ಲೇಟಿಗೆ ಬಂದ. ಅದೇ ದಿನ ಡೆಟ್ರಾಯಿಟ್‌ನಿಂದ ತಂದ ಯೊಯೆನಿಸ್ ಸೆಸ್ಪೆಡೆಸ್‌ನ ಬ್ಯಾಟಿನ ಬಲದಿಂದ ಮೆಟ್ಸ್ ಆ ವರ್ಷ ವರ್ಲ್ಡ್ ಸೀರೀಸ್‌ವರೆಗೂ ಹೋಯಿತು. ಆ ಚಪ್ಪಾಳೆ ತಟ್ಟಿದವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಪ್ರೀತಿಯಿಂದಲೇ ತಟ್ಟಿದ್ದು. ಆದರೂ ಆ ವಿಡಿಯೊ ನೋಡಿದ ಮೇಲೆ ನಮ್ಮ ಗುಂಪಿನಲ್ಲಿ, ಆಟಗಾರರನ್ನು ಬರೀ ಸಂಖ್ಯೆಗಳಂತೆ ಕೂಡಿ ಕಳೆಯುವಾಗ ಯಾರಾದರೊಬ್ಬರು ಫ್ಲೋರೆಸ್ ಎಂದು ಗದರುವ ರೂಢಿ ಬಂದಿದೆ.

ಸದ್ಯಕ್ಕೆ ನಮ್ಮಲ್ಲಿ ಬಗೆಹರಿಯದೆ ಉಳಿದಿರುವ ಜಗಳ 2025ರ ಗಡುವಿನದೇ. ಸ್ಯಾನ್ ಡಿಯಾಗೊದ ಜನರಲ್ ಮ್ಯಾನೇಜರ್ ಎ.ಜೆ. ಪ್ರೆಲರ್, ಅಥ್ಲೆಟಿಕ್ಸ್ ತಂಡದಿಂದ ಮೇಸನ್ ಮಿಲ್ಲರ್ ಎಂಬ ಬಿರುಸಿನ ಪಿಚರ್‌ನನ್ನೂ ಜೆ.ಪಿ. ಸಿಯರ್ಸ್‌ನನ್ನೂ ಪಡೆಯಲು, ಹದಿನೆಂಟರ ಲಿಯೋ ಡಿ ವ್ರೀಸ್‌ನನ್ನೂ ಅವನ ಜೊತೆಗೆ ಮೂವರು ಎಳೆಯ ಪಿಚರ್‌ಗಳನ್ನೂ ಕೊಟ್ಟರು. ಮಿಲ್ಲರ್ ಒಂದು ಪಂದ್ಯದಲ್ಲಿ ಒಂದು ಅಥವಾ ಎರಡು ಇನ್ನಿಂಗ್ಸ್ ಮಾತ್ರ ಎಸೆಯುವವನು. ಡಿ ವ್ರೀಸ್ ಇಡೀ ದೇಶದ ಅತ್ಯುತ್ತಮ ಕಿರಿಯರ ಸಾಲಿನವನು. ಮಿಲ್ಲರ್ 2029ರವರೆಗೆ ತಂಡದಲ್ಲೇ ಇರುತ್ತಾನಲ್ಲ ಎಂದು ಒಬ್ಬರು, ಅಷ್ಟು ಬಿರುಸಾಗಿ ಎಸೆಯುವ ತೋಳು 2029ರವರೆಗೆ ಉಳಿದೀತೇ ಎಂದು ಇನ್ನೊಬ್ಬರು. ಆ ಅಕ್ಟೋಬರಿನಲ್ಲಿ ಸ್ಯಾನ್ ಡಿಯಾಗೊ ಮೊದಲ ಸುತ್ತಿನಲ್ಲೇ ಚಿಕಾಗೊ ಕಬ್ಸ್‌ಗೆ ಸೋತದ್ದನ್ನು ಎರಡನೆಯವರು ಪುರಾವೆಯೆಂದು ಮುಂದಿಡುತ್ತಾರೆ. ನಾನು ಅಥ್ಲೆಟಿಕ್ಸ್‌ನ ಕುರ್ಚಿಯಲ್ಲಿ ಕೂತಿದ್ದರೆ ಮರುಮಾತಿಲ್ಲದೆ ಹೂಂ ಅನ್ನುತ್ತಿದ್ದೆ, ಸ್ಯಾನ್ ಡಿಯಾಗೊದ ಕುರ್ಚಿಯಲ್ಲಾದರೆ ಒಂದು ರಾತ್ರಿ ಸಮಯ ಕೇಳುತ್ತಿದ್ದೆ.